ಟೀ ಬಡಿತ

ಜ್ವರ ಬರುವ ಹಿಂದಿನ ದಿನ ನಮ್ಮ ಯಜಮಾನರು ಹಣಮಂತ ನಗುತ್ತಲೇ ಮನೆಗೆ ಬಂದರು. ಪೀಣ್ಯದಲ್ಲಿ ಕಬ್ಬಿಣದ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಅವರ ಕೆಲಸ. ಮಷೀನಿನ ಸದ್ದಿಗೆ ಅಲ್ಲಿ ಮಾತು ಕೇಳಿಸುವುದಿಲ್ಲ. ಸೂಪರ್‌ವೈಸರ್ ಶಶಿಕುಮಾರ್ ಸ್ಪ್ಯಾನರಿನಿಂದ ಕಬ್ಬಿಣದ ಕಂಬಕ್ಕೆ ಬಡಿಯುತ್ತಾರೆ. ಒಂದು ಬಗೆಯ ಬಡಿತಕ್ಕೆ ಮಷೀನು ನಿಲ್ಲಬೇಕು, ಇನ್ನೊಂದಕ್ಕೆ ಓಡಬೇಕು, ಮತ್ತೊಂದಕ್ಕೆ ಟೀ. ಬಡಿದವರು ಯಾರೆಂದು ಯಾರೂ ತಿರುಗಿ ನೋಡುವುದಿಲ್ಲ.

"ಇವತ್ತ ಟೀ ಬಡದಾಂವ ನಾನ," ಎಂದರು.

"ಅಯ್ಯ, ಸಿಕ್ಕೊಳ್ಳಲಿಲ್ಲೇನ್ರೀ?"

"ಶಶಿಕುಮಾರ ಸಾಹೇಬ್ರ ಮೊದಲ ಓಡಿ ಬಂದು ಗ್ಲಾಸ್ ಹಿಡದ್ರು! ಮಾಲೀಕ್ರು ಬಡದಾರ ಅಂತ ತಿಳದ್ರು."

ಮರುದಿನ ಜ್ವರ. ಡೆಂಗಿ ಎಂದರು. ಆಸ್ಪತ್ರೆಗೆ ಸೇರಿಸಿದೆ. ಉಳಿಯಲಿಲ್ಲ.

ಕಬ್ಬಿಣ ಹೊತ್ತ ಮೈ ಸೊಳ್ಳೆಗೆ ಸೋತಿತಲ್ಲ ಎಂದು ನನಗೆ ಸಿಟ್ಟು. ಹೋದವರ ಮೇಲೆ ಸಿಟ್ಟಿಟ್ಟುಕೊಂಡು ಅಡುಗೆ ಮಾಡಿದರೆ ಸಾರಿಗೆ ಉಪ್ಪು ಹೆಚ್ಚಾಗುತ್ತದೆ.

ಮೇಲಿನ ಮನೆಯ ದೀಪಶ್ರೀಗೆ ವೈರಸ್ ಲ್ಯಾಬಿನಲ್ಲಿ ಕೆಲಸ. ನಮ್ಮ ಡ್ರಮ್ಮಿನಿಂದ ನೀರು ಒಯ್ಯಲು ಬಂದಾಗ ಕೇಳಿದೆ.

"ಅವರ ಮೈ ಯಾಕ ಹೊಡದಾಡಲಿಲ್ಲವ್ವಾ?"

"ಹೊಡೆದಾಡಿರುತ್ತೆ ಅಕ್ಕ. ಆದ್ರೆ ವೈರಸ್ ಮೋಸಗಾರ. ಮೈಯಲ್ಲಿ ಜೀವಕೋಶ ಅಂತ ಇರ್ತವೆ. ವೈರಸ್ ಹೊಕ್ಕ ಕೋಶ ಪಕ್ಕದವಕ್ಕೆ ಎಚ್ಚರಿಕೆ ಕೊಟ್ಟು ತಾನು ಸಾಯ್ಬೇಕು. ವೈರಸ್ ಆ ಎಚ್ಚರಿಕೆನ ತಡೆದುಬಿಡುತ್ತೆ. ಕೋಶದ್ದೇ ಸಿಗ್ನಲ್ ಹಿಡ್ಕೊಂಡು 'ಸಾಯ್ಬೇಡ, ಕೆಲಸ ಮಾಡು' ಅನ್ನುತ್ತೆ. ಕೋಶ ನಂಬ್ಕೊಂಡು ವೈರಸ್ಸನ್ನೇ ತಯಾರು ಮಾಡ್ತಾ ಕೂರುತ್ತೆ."

"ಬಡದಾಂವ ಯಾರು ಅಂತ ನೋಡಂಗಿಲ್ಲೇನು?"

"ಇಲ್ಲ ಅಕ್ಕ. ಸಿಗ್ನಲ್ ಬಂತಾ, ಕೆಲಸ."

ನನಗೆ ನಗು ಬಂತು. ಅವರು ಹೋದ ಮೇಲೆ ಅದೇ ಮೊದಲು. ಕಂಬ ಬಡಿದ ಕಥೆ ಹೇಳಿದೆ. ಅವಳು ನಕ್ಕ ರಭಸಕ್ಕೆ ಬಿಂದಿಗೆಯ ನೀರು ಚೆಲ್ಲಿತು.

"ಹಂಗಾದ್ರೆ ಹಣಮಂತಣ್ಣನೂ ವೈರಸ್ಸೇ ಬಿಡಕ್ಕ!"

"ಬಾಯಿ ಮುಚ್ಚ. ಅವರು ಟೀ ಕುಡಿಸಿದ್ರು. ಅದು ಏನ್ ಕುಡಿಸ್ತು?"

ಅವರ ಮೈ ಸೋಮಾರಿಯಲ್ಲ. ಸುಳ್ಳು ಬಡಿತ ನಂಬಿ ದುಡಿದಿದೆ. ಶಶಿಕುಮಾರರೇ ಮೋಸಹೋಗಲಿಲ್ಲವೇ? ಅಂದಿನ ಸಾರಿಗೆ ಉಪ್ಪು ಸರಿಯಾಗಿತ್ತು.

ಈಗ ದಿನಾ ಬೆಳಿಗ್ಗೆ ಡ್ರಮ್ಮಿನಲ್ಲಿ ಉಳಿದ ನೀರನ್ನು ಗಿಡಕ್ಕೆ ಹಾಕುತ್ತೇನೆ. ಒಳಗೆ ಅಂಟಿದ ಸೊಳ್ಳೆ ಮೊಟ್ಟೆ ಹೋಗುವಂತೆ ನಾರಿನಿಂದ ತಿಕ್ಕುತ್ತೇನೆ. ಬೋರಲು ಹಾಕಿ, ತಳಕ್ಕೆ ಸೌಟಿನಿಂದ ಟೀ ಬಡಿತ ಬಡಿಯುತ್ತೇನೆ. ದೀಪಶ್ರೀ ಲೋಟ ಹಿಡಿದು ಇಳಿಯುತ್ತಾಳೆ. ಅಷ್ಟರಲ್ಲಿ ಮನೆ ಓನರ್ ದೊಡ್ಡಮುನಿಯಪ್ಪ ಬಂದು ನಿಂತಿರುತ್ತಾರೆ. ಅವರನ್ನು ಯಾರೂ ಕರೆದಿಲ್ಲ. ಅವರಿಗೂ ಒಂದು ಲೋಟ ಟೀ ಕೊಟ್ಟು, ಡ್ರಮ್ಮನ್ನು ಬಿಸಿಲಿಗೆ ಉರುಳಿಸುತ್ತೇನೆ.