ಟವೆಲಿನ ಕೆಳಗಿನ ದರ

ಅವರ ಬಲಗೈ ಬೆರಳುಗಳ ಸಂದಿನಲ್ಲಿ ಮಾವಿನ ಸೊನೆಯ ಕಂದು ಕಲೆ ವರ್ಷವಿಡೀ ಇರುತ್ತಿತ್ತು. ಹಣ್ಣಿನ ಕಾಲ ಮುಗಿದು ತಿಂಗಳುಗಳಾದರೂ ಅದು ಹೋಗುತ್ತಿರಲಿಲ್ಲ. ಹೆಗಲ ಮೇಲೆ ಕೆಂಪು ಅಂಚಿನ ಟವೆಲು. ಅದರಿಂದ ಅವರು ಬೆವರು ಒರೆಸಿದ್ದನ್ನು ನಾನು ಕಂಡಿಲ್ಲ. ಬೆವರಿಗೆ ಜೇಬಿನಲ್ಲಿ ಬೇರೆ ಕರ್ಚೀಫು ಇತ್ತು. ಟವೆಲು ಇದ್ದದ್ದು ವ್ಯಾಪಾರಕ್ಕೆ.

ಮೊಮ್ಮಕ್ಕಳೇ, ಶ್ರೀನಿವಾಸಪುರದ ಮಂಡಿ ಅಣ್ಣನ ವಿಷಯ ನಿಮಗೆ ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಅವರು ನನ್ನ ಒಡಹುಟ್ಟಿದವರಲ್ಲ. ರೈತರು ತಂದ ಮಾವನ್ನು ವ್ಯಾಪಾರಿಗಳಿಗೆ ಮಾರಿಸಿಕೊಡುವ ಮಂಡಿ ಅವರದು. ಎಲ್ಲರೂ ಅಣ್ಣ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ನಿಮ್ಮ ತಾತ ತೀರಿಕೊಂಡ ವರ್ಷ ಮರಗಳಿಗೆ ಏನು ಗೊತ್ತು, ಮೈತುಂಬ ಕಾಯಿ ಬಿಟ್ಟಿದ್ದವು. ಅಲ್ಲಿಯವರೆಗೆ ನಾನು ಮಂಡಿಯ ಮುಖ ನೋಡಿದವಳಲ್ಲ. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದೆಂದರೆ ನನಗೆ ಜ್ವರ ಬರುತ್ತಿತ್ತು. ಶಾಲೆಯಲ್ಲಿ ಹಾಜರಿ ಕೂಗಿದರೆ ನನ್ನ ದನಿ ಮೇಷ್ಟ್ರಿಗೆ ಕೇಳಿಸುತ್ತಿರಲಿಲ್ಲ, ಪಕ್ಕದ ಹುಡುಗಿ ನನ್ನ ಪರವಾಗಿ ಕೂಗುತ್ತಿದ್ದಳು. ಅಂಥವಳು ಟೆಂಪೊ ತುಂಬ ಬಾದಾಮಿ ಹಣ್ಣು ತಂದು, ಆ ಗಂಡಸರ ಗದ್ದಲದಲ್ಲಿ ಸೆರಗು ಹೊದ್ದು ನಿಂತಿದ್ದೆ.

ಅಲ್ಲಿ ಕಂಡದ್ದರಿಂದ ನನಗೆ ಆಶ್ಚರ್ಯವಾಯಿತು. ದರ ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಅಣ್ಣ ವ್ಯಾಪಾರಿಯ ಕೈಮೇಲೆ ಟವೆಲು ಹೊದಿಸಿ, ಅದರ ಕೆಳಗೆ ಅವನ ಬೆರಳು ಹಿಡಿಯುತ್ತಿದ್ದರು. ಯಾವ ಬೆರಳು, ಯಾವ ಗೆಣ್ಣು, ಎಷ್ಟು ಒತ್ತಿದರು ಎಂಬುದರಲ್ಲೇ ದರ. ಒಪ್ಪಿದರೆ ಕೈ ಗಟ್ಟಿಯಾಗಿ ಹಿಡಿಯುವುದು, ಇಷ್ಟರ ಮೇಲೆ ಆಗದು ಎಂದರೆ ಕೈ ಬಿಡುವುದು. ಪಕ್ಕದಲ್ಲಿ ನಿಂತವನಿಗೂ ತಿಳಿಯದು.

"ದರ ಕೂಗಬಾರದಮ್ಮಾ" ಎಂದರು. "ಒಬ್ಬನ ಹಣ್ಣಿಗೆ ಕಮ್ಮಿ ಬಂತು ಅಂತ ಊರಿಗೆಲ್ಲಾ ಯಾಕೆ ಗೊತ್ತಾಗ್ಬೇಕು? ಹಣ್ಣಿಗೂ ಮರ್ಯಾದೆ ಇಲ್ವಾ?"

ಆದರೆ ಹೆಂಗಸಿನ ಕೈ ಹಿಡಿದು ದರ ಹೇಳುವುದು ಹೇಗೆ? ಅಣ್ಣ ಒಂದು ಗಳಿಗೆ ಯೋಚಿಸಿ, ಟವೆಲನ್ನು ದಪ್ಪಗೆ ಮಡಿಸಿ ನನ್ನ ಕೈಮೇಲಿಟ್ಟು, ಮೇಲಿನಿಂದ ಬೆರಳು ಒತ್ತಿದರು. ಗಲ್ಲಾದ ಹತ್ತಿರ ಕೂತಿದ್ದ ಅತ್ತಿಗೆ, ಎಂದರೆ ಅವರ ಹೆಂಡತಿ, ನಕ್ಕುಬಿಟ್ಟರು. "ಒತ್ತಿ ಒತ್ತಿ. ಮದುವೆಯಾಗಿ ಇಷ್ಟು ವರ್ಷ ಆಯ್ತು, ನಂಗೊಂದ್ ದಿನ ದರ ಹೇಳ್ಲಿಲ್ಲ ಮಹಾನುಭಾವ್ರು!"

ನನಗೂ ನಗು ಬಂತು. ತಾತ ಹೋದಮೇಲೆ ಅದೇ ಮೊದಲ ನಗು. ಬೆರಳಿನ ಲೆಕ್ಕ ನಾನು ಬೇಗ ಕಲಿತೆ. ಮಾತಾಡದೆ ವ್ಯಾಪಾರ ಮಾಡಬಹುದಾದ ಒಂದು ಜಾಗ ನನಗೆ ಸಿಕ್ಕಿತ್ತು.

ಅಣ್ಣನಿಗೆ ಒಂದು ಕೊರಗಿತ್ತು. ನಮ್ಮ ಹಣ್ಣು ಎಲ್ಲೆಲ್ಲೋ ಸುತ್ತಿ, ಯಾರ ಯಾರದೋ ಹೆಸರು ಹಚ್ಚಿಕೊಂಡು ದುಬೈ ಸೇರುತ್ತದೆ ಎಂಬುದು. ಒಂದು ಬೇಸಿಗೆ ಅಲ್ಲಿಯ ಒಬ್ಬ ಖರೀದಿದಾರರನ್ನೇ ನಮ್ಮೂರಿಗೆ ಕರೆತಂದರು. ಅಷ್ಟರಲ್ಲಿ ಮಾವು ಬೆಳೆಯುವ ನಾವು ಹೆಂಗಸರು ಒಂದು ಸಂಘ ಕಟ್ಟಿಕೊಂಡಿದ್ದೆವು. ಸಂಘದವರೆಲ್ಲ ಸೇರಿ ತಟ್ಟೆಯಲ್ಲಿ ಹಣ್ಣು ಹೆಚ್ಚಿಟ್ಟಿದ್ದೆವು. ಅಣ್ಣ ತಟ್ಟೆ ಸರಿಸಿ, ಒಂದು ರಸಪುರಿಯನ್ನು ಅಂಗೈಯಲ್ಲಿ ಮೆತ್ತಗೆ ಮಾಡಿ, ತೊಟ್ಟು ಕಿತ್ತು ಅವರ ಕೈಗಿಟ್ಟರು. "ಹೀರಿ ಸಾರ್. ಚಾಕು ತಾಗಿಸಿದ್ರೆ ಅದಕ್ಕೆ ಬೇಜಾರಾಗುತ್ತೆ." ಆ ಮನುಷ್ಯ ಹೀರಿದರು. ರಸ ಮೊಣಕೈವರೆಗೆ ಇಳಿದು ಬಿಳಿ ಅಂಗಿಗೆ ಬಿತ್ತು. ಅವರು ಅಂಗಿ ನೋಡಲಿಲ್ಲ, ಇನ್ನೊಂದು ಹಣ್ಣಿಗೆ ಕೈ ಚಾಚಿದರು.

ಹಣ್ಣು ಒಪ್ಪಿಗೆಯಾಯಿತು. ಆದರೆ ಸೊನೆ ತೊಳೆದು, ವಿಂಗಡಿಸಿ, ಡಬ್ಬಕ್ಕೆ ತುಂಬಲು ಒಂದು ಚೊಕ್ಕಟವಾದ ಶೆಡ್ಡು ಬೇಕೆಂದರು. ನಮ್ಮಲ್ಲಿ ಜಾಗವಿರಲಿಲ್ಲ. ಅದೇ ಹೊತ್ತಿಗೆ ಸರ್ಕಾರದವರು ರಸ್ತೆ ಪಕ್ಕದ ತಮ್ಮ ಹಳೆಯ ಹಿಪ್ಪುನೇರಳೆ ತೋಟವನ್ನು ತುಂಡು ಮಾಡಿ ಹರಾಜಿಗಿಟ್ಟರು. ಮೂಲೆಯ ತುಂಡಿನಲ್ಲಿ ಬೋರ್‌ವೆಲ್ ಇತ್ತು. ಅದು ಸಿಕ್ಕರೆ ಶೆಡ್ಡು, ಇಲ್ಲದಿದ್ದರೆ ದುಬೈ ಮಾತು ಅಲ್ಲಿಗೆ ಮುಗಿಯಿತು. ಎಷ್ಟರವರೆಗೆ ಹೋಗಬಹುದೆಂದು ಸಂಘದಲ್ಲಿ ತೀರ್ಮಾನಿಸಿದೆವು. ಸಂಘದ ಪರವಾಗಿ ನಾನು ಹೋಗಬೇಕಾಯಿತು. "ನೀನು ಸುಮ್ನೆ ನಿಂತ್ಕೋಮ್ಮಾ, ದರ ಹೇಳೋದು ನಂಗೆ ಬಿಡು. ಹುಟ್ಟಿದಾಗಿಂದ ಇದೇ ಕೆಲ್ಸ" ಎಂದರು ಅಣ್ಣ.

ಶಾಮಿಯಾನ ತುಂಬ ಜನ. ನಮ್ಮ ತುಂಡಿನ ಸರದಿ ಬಂತು. ಅಣ್ಣ ಎದ್ದವರು ನೇರವಾಗಿ ಮೇಜಿನ ಹತ್ತಿರ ಹೋಗಿ, ಅಭ್ಯಾಸಬಲದಿಂದ ಅಧಿಕಾರಿಯ ಕೈಮೇಲೆ ಟವೆಲು ಹೊದಿಸಿ ಬೆರಳು ಹಿಡಿದೇಬಿಟ್ಟರು!

ಅಧಿಕಾರಿ ಕೈ ಕಿತ್ತುಕೊಂಡು ಎದ್ದು ನಿಂತರು. "ಏನ್ರೀ ಇದು? ಇಷ್ಟು ಜನದ ಮುಂದೆ ಕೈಗೆ ಏನಿಡ್ತಿದೀರಿ?"

"ಅಯ್ಯೋ, ಏನೂ ಇಲ್ಲ ಸ್ವಾಮಿ. ದರ ಹೇಳ್ತಾ ಇದೀನಿ."

ಹಿಂದಿನಿಂದ ಯಾರೋ ಕೂಗಿದರು. "ಲೇ, ಅಣ್ಣ ಸಾಹೇಬ್ರನ್ನೇ ಮಾರ್ತಾವ್ನೆ ಕಣ್ರೋ! ಬಾದಾಮಿನಾ ತೋತಾಪುರಿನಾ, ಕೇಳ್ರಪ್ಪಾ!"

ಶಾಮಿಯಾನವೆಲ್ಲ ನಗು. ಅಧಿಕಾರಿಗೆ ನಗು ಬರಲಿಲ್ಲ. "ಬಾಯಲ್ಲಿ ಕೂಗಿ, ಇಲ್ಲಾಂದ್ರೆ ಹೊರಗೆ ನಡೀರಿ" ಎಂದರು. ಅಣ್ಣ ಬಾಯಿ ತೆರೆದರು. ದನಿ ಹೊರಡಲಿಲ್ಲ. ಬದುಕಿನುದ್ದಕ್ಕೂ ಇಬ್ಬರ ನಡುವೆ ಇಟ್ಟುಕೊಂಡದ್ದನ್ನು ಊರ ಮುಂದೆ ಹೇಗೆ ಕೂಗುತ್ತಾರೆ? ಅವರ ಕಿವಿ ಕೆಂಪಗಾಗಿತ್ತು. ಎದುರಿಗೆ ಕಪ್ಪು ಕನ್ನಡಕದ ಒಬ್ಬ ಲೇಔಟ್ ಮಾಡುವವನು ಆಗಲೇ ತನ್ನ ದರ ಕೂಗಿಬಿಟ್ಟ.

ಅಣ್ಣ ನನ್ನ ಬಳಿ ಬಂದು, ಟವೆಲು ಮಡಿಸಿ ನನ್ನ ಕೈಮೇಲಿಟ್ಟು ಬೆರಳು ಒತ್ತಿದರು. "ನೀನು ಹೇಳಮ್ಮಾ. ಚೆಪ್ಪು ತಲ್ಲೀ." ಗಾಬರಿಗೆ ಅವರ ಮನೆಮಾತು ತೆಲುಗು ಹೊರಬಿದ್ದಿತ್ತು.

ನಾನು ಹೇಳಿದೆ. "ಕೇಳಿಸ್ಲಿಲ್ಲ" ಎಂದರು ಅಧಿಕಾರಿ. ಮತ್ತೆ ಹೇಳಿದೆ. ಮೂರನೆಯ ಸಲ ಬಂದ ದನಿ ನನ್ನದೇ ಎಂದು ನನಗೆ ನಂಬಿಕೆ ಬರಲಿಲ್ಲ. ಕನ್ನಡಕದವನು ಏರಿಸಿದ. ಅಣ್ಣ ಒತ್ತಿದರು, ನಾನು ಕೂಗಿದೆ. ಹೀಗೇ ಏರಿತು. ಕೊನೆಗೆ ಸಂಘ ಒಪ್ಪಿದ ದರ ಮುಟ್ಟಿತು. ಅವನು ಅದರ ಮೇಲೂ ಏರಿಸಿದ. ಅಣ್ಣ ಮೆಲ್ಲಗೆ ಕೈ ಬಿಟ್ಟರು.

ಕನ್ನಡಕದವನು ನನ್ನ ಕಡೆ ತಿರುಗಿದ. "ಯಾಕಮ್ಮಾ, ಮಾವಿನಕಾಯಿ ತೊಳಿಯಕ್ಕೆ ಮನೆ ಬಚ್ಚಲು ಸಾಲ್ದಾ?"

ನಾನು ಕೂಗಿದೆ. ಯಾರೂ ಬೆರಳು ಒತ್ತದೆ, ಅವನಿಗಿಂತ ಮೇಲೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ, ಮತ್ತೆ ಏರಿಸಲಿಲ್ಲ. ಮೂಲೆಯ ತುಂಡು ಸಂಘದ ಹೆಸರಿಗಾಯಿತು.

ಹೊರಗೆ ಬಂದಮೇಲೆ ಅಣ್ಣ ಕೇಳಿದರು. "ನಾನು ಕೈ ಬಿಟ್ಟಿದ್ನಲ್ಲಮ್ಮಾ?"

"ಗೊತ್ತಾಯ್ತು ಅಣ್ಣಾ."

"ಮತ್ತೆ?"

"ಕೊನೇದು ನನ್ನ ದರ. ಮೇಲಿನ ದುಡ್ಡಿಗೆ ನನ್ನ ತೋಟದ ಹಣ್ಣು ಹಾಕ್ತೀನಿ."

ಅಣ್ಣ ಅಲ್ಲೇ ಮೈಲಿಗಲ್ಲಿನ ಮೇಲೆ ಕೂತು ನಕ್ಕರು. ಕಣ್ಣಲ್ಲಿ ನೀರು ಬಂದಾಗಲೂ ಒರೆಸಿದ್ದು ಕರ್ಚೀಫಿನಿಂದಲೇ. ಊರಿಗೆ ಬಂದಾಗ ಸಂಘದ ಹೆಂಗಸರು ನನ್ನನ್ನು ಬೈದರು. ದರಕ್ಕಲ್ಲ. "ನಿನ್ನೊಬ್ಬಳ ಹಣ್ಣು ಯಾಕ್ ಹಾಕ್ತೀಯೇ? ಮನೆಗೊಂದು ಮರದ ಹಣ್ಣು ಬಿಟ್ಕೊಟ್ರೆ ಸಾಕಲ್ವಾ?" ಹಾಗೇ ಆಯಿತು. ನೀವು ರಜಕ್ಕೆ ಬಂದಾಗ ಆಡುವ ಶೆಡ್ಡು ನಿಂತದ್ದು ಆ ಮರಗಳ ಹಣ್ಣಿನಿಂದ.

ಹೋದ ಬೇಸಿಗೆ ನಮ್ಮೂರಿನ ಹೆಸರು ಅಂಟಿಸಿದ ಮೊದಲ ಡಬ್ಬಗಳು ದುಬೈಗೆ ಹೊರಟವು. ಆಗ ಅಣ್ಣ ಹಾಸಿಗೆ ಹಿಡಿದಿದ್ದರು. ಅಲ್ಲಿಯವರು ಕೊಟ್ಟ ದರ ತಿಳಿದ ದಿನವೇ ಅವರ ಮನೆಗೆ ಹೋದೆ. ಕೋಣೆ ತುಂಬ ನೆಂಟರು, ಎಲ್ಲರಿಗೂ ಕುತೂಹಲ. ಬಾಯಲ್ಲೇ ಹೇಳಬಹುದಿತ್ತು, ಈಗ ನನಗೆ ಲಾರಿ ಡ್ರೈವರುಗಳನ್ನು ಗದರಿಸುವಷ್ಟು ದನಿಯಿದೆ. ಆದರೆ ತಲೆದಿಂಬಿನ ಪಕ್ಕದ ಟವೆಲು ತೆಗೆದು, ದಪ್ಪಗೆ ಮಡಿಸಿ, ಅವರ ಕೈಮೇಲಿಟ್ಟು ಒತ್ತಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ನನ್ನ ಕೈಯನ್ನು ಟವೆಲಿನ ಸಮೇತ ಗಟ್ಟಿಯಾಗಿ ಹಿಡಿದರು.

"ಎಷ್ಟಂತೆ?" ಎಂದರು ಅತ್ತಿಗೆ.

"ಅದು ನಂಗೂ ನನ್ ತಂಗೀಗೂ" ಎಂದರು ಅಣ್ಣ.

ಎಲ್ಲಕ್ಕಿಂತ ಕೊನೆಗೆ ಬರುವ ನೀಲಂ ಹಣ್ಣು ಮುಗಿಯುವ ಹೊತ್ತಿಗೆ ಅಣ್ಣ ಹೋಗಿಬಿಟ್ಟರು. ಟವೆಲನ್ನು ಅತ್ತಿಗೆಯೇ ನನಗೆ ಕೊಟ್ಟರು. ಶೆಡ್ಡಿನ ಗೋಡೆಯ ಮೊಳೆಗೆ ತೂಗುಹಾಕಿದ್ದೇನೆ, ನೀವು ನೋಡಿದ್ದೀರಿ. ದುಬೈಯವರು ಎಷ್ಟು ಕೊಟ್ಟರೆಂದು ನೀವೂ ಕೇಳುತ್ತೀರಿ. ಈ ಸಲ ಬಂದಾಗ ಅದನ್ನು ತೆಗೆದುಕೊಂಡು ಒಬ್ಬೊಬ್ಬರೇ ನನ್ನ ಪಕ್ಕ ಬಂದು ಕೂರಿ, ಹೇಳುತ್ತೇನೆ.