ಕುಂಕುಮ ಹಚ್ಚಿದ ಪಿಸ್ತೂಲು

ನಮ್ಮ ಮಾವನವರ ಸೊಂಟದಲ್ಲಿ ಪಿಸ್ತೂಲು ಇರುತ್ತಿತ್ತು ಅಂದರೆ ಈಗ ಯಾರೂ ನಂಬುವುದಿಲ್ಲ. "ಉಡುಪಿ ಕಡೆಯವರಿಗೆ ಪಿಸ್ತೂಲಾ?" ಅಂತ ನಗುತ್ತಾರೆ. ನಗಲಿ ಬಿಡಿ. ಮಾವ ಮೀಸೆ ಮೂಡುವ ವಯಸ್ಸಿನಲ್ಲೇ ಮಲೇಷ್ಯಾಕ್ಕೆ ಹೋಗಿ, ಅಲ್ಲಿನ ಪ್ರಜೆಯೇ ಆಗಿ, ಚಿನ್ನದ ಅಂಗಡಿ ಇಟ್ಟವರು. ದಿನಾ ಬೆಳಿಗ್ಗೆ ಬ್ಯಾಂಕಿನ ಲಾಕರಿನಿಂದ ಒಡವೆ ಪೆಟ್ಟಿಗೆ ಹೊತ್ತು ತರಬೇಕು, ಸಂಜೆ ಮತ್ತೆ ಇಡಬೇಕು. ಅದಕ್ಕೇ ಪೊಲೀಸರು ಲೈಸೆನ್ಸು ಕೊಟ್ಟಿದ್ದರು. ನಾನು ಮೈಸೂರಿನಿಂದ ಮದುವೆಯಾಗಿ ಸುಬಾಂಗ್ ಜಯಾದ ಆ ಮನೆಗೆ ಬಂದವಳು. ಮೆಡಿಕಲ್ ಕಾಲೇಜೊಂದರಲ್ಲಿ ಪಾಠ ಹೇಳುವ ಡಾಕ್ಟರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ನನ್ನ ನಾಚಿಕೆಗೇಡಿನ ಕತೆ.

ಬಹಳ ವರ್ಷ ಮಾವನ ಹತ್ತಿರ ಇದ್ದದ್ದು ಒಂದು ಹಳೇ ರಿವಾಲ್ವರು. ಅಲ್ಲಿನ ನಾಣ್ಯ ರಿಂಗಿಟ್‌ನ ಬೆಲೆ ಬಿದ್ದು ಊರೆಲ್ಲ ಕಂಗಾಲಾಗಿದ್ದ ದಿನಗಳಲ್ಲಿ ಪಕ್ಕದ ಬೀದಿಯ ಅಂಗಡಿಗೆ ಕಳ್ಳರು ನುಗ್ಗಿದರು. ಮಾವ ಹಳೇದನ್ನು ಕೊಟ್ಟು, ಶರ್ಟಿನೊಳಗೆ ಕಾಣದಂತೆ ಕೂರುವ, ಅಂಗೈಯಗಲದ ಹೊಸ ಪಿಸ್ತೂಲು ತಂದರು. "ಆ ರಿವಾಲ್ವರಿನ ಟ್ರಿಗರ್ ಎಳೀಲಿಕ್ಕೆ ಆನೆ ಬಲ ಬೇಕು ಮಾರಾಯ್ತಿ," ಅಂದರು. ಅಷ್ಟು ವರ್ಷ ಎಳೆದವರಿಗೆ ಈಗ ಯಾಕೆ ಭಾರವಾಯಿತು ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಹೊಸದನ್ನು ಪಳಗಿಸಬೇಕು ಅಂದರು ಶೂಟಿಂಗ್ ರೇಂಜಿನ ಮೇಷ್ಟ್ರು. ಪೊಲೀಸ್ ಕೆಲಸದಿಂದ ನಿವೃತ್ತರಾದ ಸರ್ದಾರ್ಜಿ ಅವರು. ಪುಟ್ಟ ಪಿಸ್ತೂಲಿನ ಒಳಗಿನ ಸ್ಪ್ರಿಂಗು ಬಲು ಬಿಗಿ. ಹೊಸ ಚಪ್ಪಲಿ ಕಾಲಿಗೆ ಒಗ್ಗುವ ತನಕ ಕಚ್ಚುವ ಹಾಗೆ ಅದೂ ಮೊದಮೊದಲು ತಕರಾರು ಮಾಡುತ್ತದೆ. ಇನ್ನೂರು ಗುಂಡಾದರೂ ಹಾರಿಸಿ, ಕೊನೆಯ ಐವತ್ತರಲ್ಲಿ ಒಂದೂ ಸಿಕ್ಕಿಕೊಳ್ಳದಿದ್ದರೆ ಆಮೇಲೆ ನಂಬಿ ಸೊಂಟಕ್ಕೆ ಕಟ್ಟಿ, ಅಂದರು. ನಮಗೆ ಸಿಗುತ್ತಿದ್ದ ಗುಂಡುಗಳೋ ಲೈಸೆನ್ಸಿನಲ್ಲಿ ಬರೆದಷ್ಟೇ, ಬಹಳ ಕಮ್ಮಿ. ಹೀಗಾಗಿ ವಾರಕ್ಕೆ ಹತ್ತೋ ಹನ್ನೆರಡೋ ಹಾರಿಸುತ್ತಾ ತಿಂಗಳುಗಟ್ಟಲೆ ಎಳೆಯಬೇಕಾಯಿತು.

ಆ ಭಾನುವಾರದ ಬೆಳಿಗ್ಗೆಗಳು! ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟುಹೋಗುತ್ತವಂತೆ ಅಂತ ನನ್ನ ಗಂಡ ಭಾನುವಾರವೂ ಆಫೀಸಿನಲ್ಲೇ ಬಿದ್ದಿರುತ್ತಿದ್ದರು. ನಾನೇ ಕಾರು ಓಡಿಸುತ್ತಿದ್ದೆ. ನಿಲಾಯ್ ಕಡೆಯ ರಸ್ತೆ, ಎರಡೂ ಬದಿ ತಾಳೆ ತೋಟ, ಮುಂದಿನ ಸೀಟಿನಲ್ಲಿ ಇಸ್ತ್ರಿ ಶರ್ಟಿನ ಮಾವ. ಹೋಗುವಾಗ ಮದುವೆಗೆ ಹೊರಟವರಂತೆ ಹುರುಪು. ಬರುವಾಗ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಪರೋಟದಂಥ ರೊಟ್ಟಿ ಚನಾಯ್, ಅತ್ತೆಗೆ ಮನೆಗೆ ಒಯ್ಯಲು ಕಟ್ಟಿಸಿದ ಒಂದು ತಪಾವ್ ಪೊಟ್ಟಣ.

ಪಿಸ್ತೂಲು ಮಾತ್ರ ಪಳಗಲೇ ಇಲ್ಲ. ಮೂರು ಗುಂಡು ಹಾರುತ್ತಿತ್ತು, ನಾಲ್ಕನೆಯದರ ಖಾಲಿ ಕೊಳವೆ ಹೊರಗೆ ಜಿಗಿಯದೆ ಮೇಲಿನ ಕಿಂಡಿಯಲ್ಲೇ ನೆಟ್ಟಗೆ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಮಾವನ ಮುಖ ಸಪ್ಪೆ. ನಂಬಲಾಗದ ಪಿಸ್ತೂಲು ಕಟ್ಟಿಕೊಂಡು ಒಡವೆ ಪೆಟ್ಟಿಗೆ ಹೊರುವುದು ಹೇಗೆ? ಕಳ್ಳ ಎದುರು ನಿಂತಾಗ ನಾಲ್ಕನೆಯ ಗುಂಡಿಗೆ ಸ್ವಲ್ಪ ತಡಿ ಮಾರಾಯ ಅನ್ನಲಿಕ್ಕೆ ಆಗುತ್ತದಾ?

ಮೊದಲ ತಪ್ಪು ಅತ್ತೆಯ ತಲೆಗೆ ಬಂತು. ಆಯುಧಪೂಜೆಗೆ ಮನೆಯ ಮಿಕ್ಸಿ, ಕಾರು, ಈಳಿಗೆಮಣೆಗಳ ಜೊತೆ ಹೊಸ ಪಿಸ್ತೂಲನ್ನೂ ಮಣೆಯ ಮೇಲಿಟ್ಟು ಅತ್ತೆ ಅರಿಸಿನ ಕುಂಕುಮ ಧಾರಾಳವಾಗಿ ಹಚ್ಚಿದ್ದರು. "ಅದೇ ಒಳಗೆ ಹೋಗಿ ಕಟ್ಟಿಕೊಂಡಿದೆ!" ಅಂತ ನಾನೇ ಪತ್ತೇದಾರನ ಹಾಗೆ ಘೋಷಿಸಿದೆ. ಮಾವ ಬಿಚ್ಚಿ ಒರೆಸಿದರು. ಬಿಳಿ ಬಟ್ಟೆಗೆ ಒಂಚೂರು ಕೆಂಪು ಹತ್ತಿತು. ಅಷ್ಟೇ ಸಾಕಾಯಿತು. ಪಾಪ, ಅತ್ತೆ ಎಷ್ಟು ನೊಂದುಕೊಂಡರು ಅಂದರೆ, ದೇವರ ಮುಂದೆ ತಪ್ಪುಕಾಣಿಕೆ ತೆಗೆದಿಟ್ಟರು. ಕುಂಕುಮ ಹೋದ ಮೇಲೂ ಅದು ಸಿಕ್ಕಿಕೊಂಡಿತು. ಎಣ್ಣೆ ಬದಲಾಯಿಸಿದೆವು. ಬೇರೆ ಕಂಪನಿಯ ಗುಂಡು ತಂದೆವು. ಏನೂ ಬದಲಾಗಲಿಲ್ಲ.

ಒಂದು ಭಾನುವಾರ ನನ್ನ ತಾಳ್ಮೆ ಕೆಟ್ಟಿತು. ನನ್ನದು ಮೊದಲೇ ಮೂಗಿನ ತುದಿಯ ಕೋಪ. "ಮಾವ, ಗಟ್ಟಿಯಾಗಿ ಹಿಡ್ಕೊಳ್ಳಿ! ಹೂವು ಹಿಡಿದ ಹಾಗೆ ಹಿಡಿದರೆ ಇನ್ನೇನಾಗುತ್ತೆ?" ಅಂತ ಎಲ್ಲರೆದುರು ಕಿರುಚಿದೆ. ಕಿವಿಗೆ ಮುಚ್ಚಳ ಹಾಕಿದ್ದರಿಂದ ನನ್ನ ದನಿ ಎಷ್ಟು ಜೋರಿತ್ತೋ ನನಗೇ ತಿಳಿಯಲಿಲ್ಲ. ಆಚೀಚೆಯವರು ತಿರುಗಿ ನೋಡಿದರು. ಮಾವ ಪಿಸ್ತೂಲನ್ನು ಮೇಜಿನ ಮೇಲಿಟ್ಟು ಬಾತ್‌ರೂಮಿಗೆ ಹೋದರು.

ಸರ್ದಾರ್ಜಿ ಆ ಪಿಸ್ತೂಲನ್ನೇ ಎತ್ತಿ, ಅದೇ ಗುಂಡು ತುಂಬಿ, ಪಟಪಟ ಹಾರಿಸಿದರು. ಒಂದೂ ಸಿಕ್ಕಲಿಲ್ಲ. ಮತ್ತೊಮ್ಮೆ ತುಂಬಿ ಹಾರಿಸಿದರು. ಆಗಲೂ ಇಲ್ಲ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಪಿಸ್ತೂಲು ಪಳಗಿ ಎಷ್ಟೋ ದಿನ ಆಯ್ತು ಡಾಕ್ಟರ್. ಇಂಥ ಚಿಕ್ಕ ಪಿಸ್ತೂಲಿಗೆ ಹಿಂದೆ ಗಟ್ಟಿ ಮಣಿಕಟ್ಟು ಬೇಕು. ಮಣಿಕಟ್ಟು ಬಿಟ್ಟುಕೊಟ್ಟರೆ ಮೇಲಿನ ಭಾಗ ಪೂರ್ತಿ ಹಿಂದೆ ಸರಿಯೋದಿಲ್ಲ, ಕೊಳವೆ ಸಿಕ್ಕಿಕೊಳ್ಳುತ್ತೆ. ರಿವಾಲ್ವರಿಗೆ ಆ ಕಾಟ ಇಲ್ಲ, ಅದಕ್ಕೇ ಇಷ್ಟು ದಿನ ಗೊತ್ತಾಗಲಿಲ್ಲ. ಅಂಕಲ್‌ಗೆ ಹೇಳಲು ನನಗೆ ಬಾಯಿ ಬರಲಿಲ್ಲ."

ಶರ್ಟಿನ ಗುಂಡಿ ಹಾಕಲು ಮಾವ ತೆಗೆದುಕೊಳ್ಳುವ ಹೊತ್ತು, ನಡೆಯುವಾಗ ಆಡದ ಬಲಗೈ, ಸಾಂಬಾರು ಚೆಲ್ಲೀತೆಂದು ಅರ್ಧವೇ ತುಂಬುವ ಸೌಟು, ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿದವು. ಪಾರ್ಕಿನ್ಸನ್ಸ್ ಕಾಯಿಲೆಯ ಗುರುತುಗಳು ಅಂತ ವರ್ಷವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದವಳು ನಾನು. ಒಂದೇ ಮೇಜಿನಲ್ಲಿ ಕೂತು ಉಣ್ಣುವವರಲ್ಲಿ ಅದು ಕಾಣಲಿಲ್ಲ! ಸಾಲದ್ದಕ್ಕೆ ಅವರನ್ನೇ ಗದರಿದೆನಲ್ಲ, ನನ್ನ ನಾಲಿಗೆಗೆ ಬೆಂಕಿ ಬೀಳ.

ವಾಪಸ್ ಬರುವಾಗ ಕಾರಿನಲ್ಲೇ ಹೇಳಿದೆ. "ಮಾವ, ಪಿಸ್ತೂಲು ಸರಿ ಇದೆ. ನಿಮ್ಮ ಕೈಯನ್ನು ಒಂದು ಸಲ ನೋಡ್ಲಾ?"

"ನನ್ನ ಕೈಗೆ ಎಂತ ಆಗ್ಲಿಲ್ಲ," ಅಂದರು ಮಾವ. "ನೀನು ಮುಟ್ಟುದು ಬೇಡ. ಹಾಳು ಪಿಸ್ತೂಲು ತಂದದ್ದು ನನ್ನ ತಪ್ಪು."

ಅಂದು ಹೋಟೆಲಿನ ಮುಂದೆ ಕಾರು ನಿಲ್ಲಿಸಲು ಬಿಡಲಿಲ್ಲ. ವಾರವಿಡೀ ನನ್ನ ಜೊತೆ ಮಾತಿಲ್ಲ. ಉಪ್ಪು ಬೇಕಾದರೂ ಅತ್ತೆಯ ಮೂಲಕ ಕೇಳಿಸುತ್ತಿದ್ದರು. ಗಂಡನಿಗೆ ಹೇಳಿದೆ. ಅವರು ಮಾತಾಡಲು ಹೋಗಿ ಬೈಸಿಕೊಂಡು ಬಂದರು. ಕೈ ಹೋಯಿತು ಅಂದರೆ ಅಂಗಡಿ ಹೋಯಿತು. ಉಂಗುರಕ್ಕೆ ಹರಳು ಕೂರಿಸುತ್ತಿದ್ದದ್ದೂ ಅದೇ ಕೈ. ಅದನ್ನು ಒಪ್ಪಿಕೊಳ್ಳುವುದು ಹೇಗೆ ಹೇಳಿ. ಇತ್ತ ಔಷಧಿ ಶುರುವಾಗಬೇಕು, ಒಂದೊಂದು ದಿನ ಕಳೆದ ಹಾಗೂ ನನಗೆ ಚಡಪಡಿಕೆ.

ಎಂಟನೆಯ ದಿನ ಬೆಳಿಗ್ಗೆ ಮಾವ ಬಂದು, "ಸ್ಟೇಷನಿಗೆ ಹೋಗುವ. ಇದನ್ನು ಒಪ್ಪಿಸಿ ಬರುದು," ಅಂದರು. ಕಾರಣದ ಜಾಗದಲ್ಲಿ ಪಿಸ್ತೂಲು ಸರಿಯಿಲ್ಲ ಅಂತಲೇ ಬರೆಯಬೇಕು ಅಂತ ತಾಕೀತು. ನಾನು ಹಾಗೇ ಬರೆದುಕೊಟ್ಟೆ.

ತಲೆಗೆ ಬಟ್ಟೆ ಕಟ್ಟಿದ್ದ ಎಳೆಯ ಪೊಲೀಸ್ ಹೆಣ್ಣುಮಗಳು ಪಿಸ್ತೂಲು ತೆಗೆದಿಟ್ಟುಕೊಂಡು ಅರ್ಜಿ ಮುಂದಿಟ್ಟಳು. ಮಾವ ಸಹಿ ಹಾಕಿದರು. ಅವಳು ಲೈಸೆನ್ಸಿನ ಹಳೇ ಸಹಿ ನೋಡಿದಳು, ಇದನ್ನು ನೋಡಿದಳು. ಅಲ್ಲಿ ಸಾಲಿನುದ್ದಕ್ಕೂ ಚಾಚಿದ ದುಂಡನೆಯ ಅಕ್ಷರ. ಇಲ್ಲಿ ಇರುವೆ ಸಾಲು. ಇನ್ನೊಮ್ಮೆ ಹಾಕಿ ಅಂದಳು. ಎರಡನೆಯದು ಇನ್ನೂ ಚಿಕ್ಕದಾಯಿತು, ಮೂರನೆಯದು ಅರ್ಧಕ್ಕೇ ನಿಂತಿತು. ಅವಳು ಬಹಳ ಮರ್ಯಾದೆಯಿಂದಲೇ ಶಾಯಿಯ ಡಬ್ಬಿ ಮುಂದೆ ತಳ್ಳಿ, "ಪರವಾಗಿಲ್ಲ ಪಾಕ್ಚಿಕ್, ಹೆಬ್ಬೆಟ್ಟು ಒತ್ತಿ," ಅಂದಳು. ಪಾಕ್ಚಿಕ್ ಅಂದರೆ ಚಿಕ್ಕಪ್ಪ.

ಹೆಬ್ಬೆಟ್ಟು! ನನ್ನ ಮಾವ! ಊರಿಗೆ ಬರೆದ ಅವರ ಕಾಗದಗಳನ್ನು ಅಕ್ಷರ ಚೆಂದ ಅಂತಲೇ ಜನ ಎತ್ತಿಟ್ಟುಕೊಳ್ಳುತ್ತಿದ್ದರು. "ಇವರು ಓದು ಬರಹ ಬಲ್ಲವರು," ಅಂತ ನಾನು ಕೌಂಟರಿನ ಮೇಲೆ ಎರಗಿದೆ.

"ಬಿಡು ಮಗಾ," ಅಂದರು ಮಾವ. ಬಲಗೈಯನ್ನು ಅವಳ ಕಡೆ ಚಾಚಲಿಲ್ಲ, ನನ್ನ ಕಡೆ ಚಾಚಿದರು. "ನೀನೇ ಒತ್ತಿಸು."

ಮದುವೆಯಾಗಿ ಬಂದ ಮೇಲೆ ಅವರ ಕೈ ಹಿಡಿದದ್ದು ಅದೇ ಮೊದಲು. ಹೆಬ್ಬೆರಳನ್ನು ಶಾಯಿಗೆ ತಿರುಗಿಸುವಾಗ ಮಣಿಕಟ್ಟು ಒಂದೇ ಸಮ ತಿರುಗದೆ ಕಟಕ್ ಕಟಕ್ ಅಂತ ತಡೆತಡೆದು ತಿರುಗಿತು. ಹೀಗೆ ತಿರುಗಿದರೆ ಆ ಕಾಯಿಲೆಯೇ, ಅನುಮಾನವೇ ಇಲ್ಲ ಅಂತ ಕಾಲೇಜಿನ ಹುಡುಗರ ಕೈ ಹಿಡಿದು ಕಲಿಸುತ್ತಿದ್ದೆ. ಮಾವ ತಮ್ಮ ಕೈಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.

"ಉಂಟಲ್ಲ?" ಅಂದರು.

"ಹೌದು ಮಾವ."

"ಹಾಗಾದ್ರೆ ಒತ್ತು," ಅಂದರು.