ಕೋಟಿನ ಗುಂಡಿಯಷ್ಟು ಟೈರು

ನನ್ನ ತಮ್ಮನ ಎಡಗಿವಿಯನ್ನು ನಾನು ಹಾಳು ಮಾಡಿದ್ದು ಕೋಟಿನ ಗುಂಡಿಯಷ್ಟಿರುವ ಒಂದು ಟೈರಿನ ಸಲುವಾಗಿ. ಜನ ಆಸ್ತಿಗೆ ಹೊಡೆದಾಡುತ್ತಾರೆ, ಹೊಲದ ಬದುವಿಗೆ ಹೊಡೆದಾಡುತ್ತಾರೆ. ಅದಕ್ಕೆ ಒಂದು ಮರ್ಯಾದೆಯಾದರೂ ಇದೆ. ನಾನು ಕೈ ಎತ್ತಿದ್ದು ಮೇಜಿನ ಮೇಲೆ ಓಡುವ ಆಟದ ಕಾರಿಗೆ. ಯಾರಿಗಾದರೂ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ನನ್ನ ಕೈ ನೋಡುತ್ತಾರೆ.

ನ್ಯಾಮತಿಯಲ್ಲಿ, ಸವಳಂಗಕ್ಕೆ ಹೋಗುವ ರಸ್ತೆಗೆ ನಮ್ಮ ಪಂಕ್ಚರ್ ಅಂಗಡಿ. ಅಪ್ಪ ಹಾಕಿದ್ದು. ಅಪ್ಪ ಹೋದ ಮೇಲೆ ನಾವಿಬ್ಬರು ನಡೆಸಿದೆವು. ಟೈರ್ ಅಂಗಡಿಯಲ್ಲಿ ಮೆತ್ತಗೆ ಮಾಡುವ ಕೆಲಸ ಅಂತ ಯಾವುದೂ ಇಲ್ಲ. ಲಾರಿ ಟೈರು ರಿಮ್ಮಿಗೆ ಕಚ್ಚಿಕೊಂಡಿದ್ದರೆ ಒಬ್ಬ ಕಬ್ಬಿಣದ ಪಟ್ಟಿ ಹಿಡಿಯಬೇಕು, ಇನ್ನೊಬ್ಬ ದೊಡ್ಡ ಸುತ್ತಿಗೆ ಬೀಸಬೇಕು. ಹಿಡಿಯುತ್ತಿದ್ದವನು ತಮ್ಮ, ಬೀಸುತ್ತಿದ್ದವನು ನಾನು. ಒಂದು ಗೇಣು ತಪ್ಪಿದರೆ ಅವನ ಮುಂಗೈ ಪುಡಿ. ಒಮ್ಮೆ ಗಾಳಿ ತುಂಬುವಾಗ ರಿಮ್ಮಿನ ರಿಂಗು ಸಿಡಿದು ನಮ್ಮಿಬ್ಬರ ತಲೆಯ ನಡುವೆ ಹಾದು ಮೇಲಿನ ತಗಡನ್ನು ಸೀಳಿಕೊಂಡು ಹೋಗಿತ್ತು. ಆ ತೂತನ್ನು ನಾವು ಮುಚ್ಚಿಸಲೇ ಇಲ್ಲ.

ಅಪ್ಪನ ಕೈಯೂ ಹಾಗೇ ಸಿಡಿಯುತ್ತಿತ್ತು. ಗಾಳಿ ಹೆಚ್ಚಾದರೆ ಒಂದು ಏಟು, ಕಡಿಮೆಯಾದರೆ ಎರಡು. ಹೊಡೆಸಿಕೊಂಡು ಹೊಡೆಸಿಕೊಂಡು ನಾನು ಹೊಡೆಯುವುದು ಕಲಿತೆ, ತಮ್ಮ ತಪ್ಪಿಸಿಕೊಳ್ಳುವುದು ಕಲಿತ. ಗಿರಾಕಿಗಳ ಕೊರಳಪಟ್ಟಿ ಹಿಡಿದದ್ದಕ್ಕೆ ಲೆಕ್ಕವಿಲ್ಲ. ಇಂಥ ನನಗೆ ಗುಬ್ಬಿ ಮರಿಯಂತೆ ಹಿಡಿಯಬೇಕಾದ ಕಾರಿನ ಹುಚ್ಚು ಹಿಡಿದದ್ದು ಹೊನ್ನಾಳಿಯ ಒಬ್ಬ ಬಡಗಿಯಿಂದ.

ಆ ಬಡಗಿ ದಾವಣಗೆರೆಯ ಯಾರದೋ ಮನೆಯಲ್ಲಿ ಮಕ್ಕಳ ಕೋಣೆಯ ಕೆಲಸ ಮಾಡುವಾಗ, ಅವರು ಬೇಡವೆಂದು ಎಸೆಯಲಿದ್ದ ಡಬ್ಬಿಯೊಂದನ್ನು ತಂದಿದ್ದ. ಒಳಗೆ ಅಂಗೈಯಷ್ಟುದ್ದದ ಎರಡು ಕಾರು. ಅವನು ಪ್ಲೈವುಡ್ ಹಲಗೆಯಲ್ಲಿ ಸುತ್ತುಸುತ್ತಾಗಿ ಸಣ್ಣ ಸೀಳು ಕೊರೆದು, ಅದರ ಎರಡೂ ಬದಿಗೆ ತಾಮ್ರದ ಪಟ್ಟಿ ಅಂಟಿಸಿ, ಕರೆಂಟು ಹಾಯಿಸಿ ರಸ್ತೆ ಮಾಡಿದ. ಕಾರಿನ ಮೂತಿಯ ಕೆಳಗಿನ ನಾಲಿಗೆ ಆ ಸೀಳಿನಲ್ಲಿ ಕೂರುತ್ತದೆ. ನಮ್ಮ ಕೈಯಲ್ಲಿ ಒಂದು ಗುಂಡಿ. ಒತ್ತಿದಷ್ಟು ವೇಗ. ತಿರುವಿನಲ್ಲಿ ಜಾಸ್ತಿ ಒತ್ತಿದೆವೋ ಕಾರು ಸೀಳು ಬಿಟ್ಟು ಹಾರಿ ಗೋಡೆಗೆ ಬಡಿಯುತ್ತದೆ. ಮೊದಲ ದಿನ ಆ ಬಡಿತದ ಸದ್ದು ಕೇಳಿಯೇ ನಾನು ಮರುಳಾದೆ.

ಅಮಾವಾಸ್ಯೆಗೆ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಟ್ರ್ಯಾಕ್ಟರೂ ಹೊಲಕ್ಕೆ ಇಳಿಯುವುದು ಕಡಿಮೆ. ಅವತ್ತು ಅಂಗಡಿಗೆ ಪೂಜೆ ಮಾಡಿ, ನಿಂಬೆಹಣ್ಣು ಕೊಯ್ದು, ಮಧ್ಯಾಹ್ನಕ್ಕೆ ಹೊನ್ನಾಳಿಗೆ ಹೋಗುತ್ತಿದ್ದೆವು. ಚನ್ನಗಿರಿಯಿಂದ ಮೋಟಾರ್ ವೈಂಡಿಂಗ್ ಮಾಡುವವನೊಬ್ಬ ಬರುತ್ತಿದ್ದ. ಬರುವಾಗ ಸೂಳೆಕೆರೆಯ ಮೀನು ತರುತ್ತಿದ್ದ, ಸೋತವರು ಅದನ್ನು ಸಾರು ಮಾಡಿ ಬಡಿಸಬೇಕು. ಅಮಾವಾಸ್ಯೆಗೆ ಮೀನು ಮುಟ್ಟದ ಬಡಗಿ ಮಾತ್ರ ಬಾಳೆಹಣ್ಣು ತಿಂದುಕೊಂಡು ನಮ್ಮನ್ನು ಬೈಯುತ್ತಿದ್ದ.

ಟೈರಿನ ವಿಷಯದಲ್ಲಿ ನನಗೆ ಯಾರು ಪಾಠ ಹೇಳಬೇಕು ಅನ್ನುವ ಗರ್ವ ನನಗೆ. ಹಲ್ಲು ಇದ್ದರೆ ಹಿಡಿತ ಅಂತ ಬ್ಲೇಡಿನಿಂದ ಆ ಪುಟ್ಟ ಟೈರುಗಳಿಗೆ ಟ್ರ್ಯಾಕ್ಟರಿನ ಹಾಗೆ ಹಲ್ಲು ಕೊಯ್ದೆ. ಕಾರು ಗಡಗಡ ನಡುಗಿ ಮೊದಲ ತಿರುವಿನಲ್ಲೇ ಮಗುಚಿತು. ರಿಮ್ಮಿಗೆ ನಮ್ಮ ಪಂಕ್ಚರ್ ಸಲ್ಯೂಷನ್ ಹಚ್ಚಿದೆ, ಮೂರು ಸುತ್ತು ಓಡುವಷ್ಟರಲ್ಲಿ ಟೈರೇ ಕಳಚಿಕೊಂಡು ಹೋಯಿತು. ಸಿಟ್ಟು ಬಂದು ಕಾರನ್ನು ಗೋಡೆಗೆ ಎಸೆದೆ. ಬಡಗಿ ಒಂದು ತಿಂಗಳು ನನ್ನನ್ನು ಮೇಜಿನ ಹತ್ತಿರ ಬಿಡಲಿಲ್ಲ.

ತಮ್ಮ ಮಾತಾಡದೆ ಕಲಿತ. ಇಲ್ಲಿ ಬೋಳು ಟೈರೇ ಒಳ್ಳೆಯದು, ಮೈ ಪೂರ್ತಿ ನೆಲಕ್ಕೆ ತಾಗಬೇಕು ಅನ್ನುವುದನ್ನು ಕಂಡುಕೊಂಡವನು ಅವನು. ಉಪ್ಪುಕಾಗದವನ್ನು ಹಲಗೆಗೆ ಅಂಟಿಸಿ, ಅದರ ಮೇಲೆ ಹಿಂದಿನ ಟೈರುಗಳನ್ನು ಸಣ್ಣಗೆ ತಿರುಗಿಸುತ್ತಾ ಗುಂಡಗೆ ಉಜ್ಜುತ್ತಿದ್ದ. ಅಂಚನ್ನು ಒಂದಿಷ್ಟು ಮೊಂಡು ಮಾಡುತ್ತಿದ್ದ. ಅಂಚು ಚೂಪಾಗಿದ್ದರೆ ತಿರುವಿನಲ್ಲಿ ಕಚ್ಚಿಕೊಂಡು ಕಾರು ಪಲ್ಟಿ ಹೊಡೆಯುತ್ತದೆ. ಕರಿ ರಬ್ಬರಿನ ಟೈರಾದರೆ ಹಿಂದಿನ ದಿನವೇ ಒಂದು ತೊಟ್ಟು ಎಣ್ಣೆ ಸವರಿ ಮೆತ್ತಗಾಗಲು ಬಿಡುತ್ತಿದ್ದ, ಬೆಳಿಗ್ಗೆ ಒಂದು ಚೂರೂ ಉಳಿಯದಂತೆ ಒರೆಸುತ್ತಿದ್ದ. ಸಿಲಿಕಾನ್ ಟೈರಿಗೆ ಎಣ್ಣೆ ಸೋಕಿಸುವಂತಿಲ್ಲ. ಅದು ಧೂಳನ್ನು ಎಳೆದುಕೊಳ್ಳುತ್ತದೆ, ಅಂಟು ಟೇಪಿನ ಮೇಲೆ ಉರುಳಿಸಿ ತೆಗೆಯಬೇಕು. ಅದೇ ಕೈ ನನ್ನ ಸುತ್ತಿಗೆಯ ಕೆಳಗೆ ಪಟ್ಟಿ ಹಿಡಿಯುತ್ತಿತ್ತಲ್ಲ ಅಂತ ಆಗ ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ಕಿವಿ ಹೋದ ಆ ಅಮಾವಾಸ್ಯೆಯ ಆಟ ಜೋಡಿ ಆಟ. ನಾವಿಬ್ಬರು ಒಂದು ಕಡೆ, ಬಡಗಿ ಮತ್ತು ಚನ್ನಗಿರಿಯವನು ಇನ್ನೊಂದು ಕಡೆ. ಬೆಳಿಗ್ಗೆಯೇ ಜಗಳವಾಗಿತ್ತು. ಹಲಗೆಗೆ ಹೊಸ ಬಣ್ಣ ಬಳಿದಿದ್ದಾರೆ, ರಬ್ಬರ್ ಹಾಕೋಣ ಅಂತ ತಮ್ಮ. ಸಿಲಿಕಾನೇ ಇರಲಿ ಅಂತ ನಾನು. ನನ್ನ ಮಾತೇ ನಡೆಯಿತು. ಹೊರಡುವ ಹೊತ್ತಿಗೆ ಸೂರಗೊಂಡನಕೊಪ್ಪಕ್ಕೆ ಹೊರಟಿದ್ದ ಯಾತ್ರಿಕರ ಟೆಂಪೊ ಪಂಕ್ಚರಾಗಿ ಬಂತು. ದೇವರ ಕಡೆ ಹೊರಟವರನ್ನು ಇಲ್ಲ ಅನ್ನಲಾಗದೆ ಟ್ಯೂಬ್ ತೆಗೆದು, ತೇಪೆ ಹಾಕಿ, ಅಂಟದಿರಲಿ ಅಂತ ಬಿಳಿ ಪೌಡರ್ ಸವರಿ ತುಂಬಿಸಿಕೊಟ್ಟೆ. ಕೈ ತೊಳೆಯದೆ ಪ್ಯಾಂಟಿಗೆ ಒರೆಸಿಕೊಂಡು ಬೈಕ್ ಹತ್ತಿದೆ. ಹೊನ್ನಾಳಿಗೆ ಬಂದವನೇ, ತಮ್ಮ ಟೇಪಿನಿಂದ ಶುದ್ಧ ಮಾಡಿ ಇಟ್ಟಿದ್ದ ಟೈರುಗಳನ್ನು ಹೆಬ್ಬೆಟ್ಟಿನಿಂದ ಒತ್ತಿ ಒತ್ತಿ ನೋಡಿದೆ. ಇಪ್ಪತ್ತು ವರ್ಷದಿಂದ ಯಾವ ಟೈರು ಕಂಡರೂ ನಾನು ಹಾಗೇ ಒತ್ತುವುದು.

ತಮ್ಮ ಮೊದಲು ಓಡಿಸಿದ, ಕಾರು ಜಾರಿತು. ಅವನು ನಿಧಾನ ಮಾಡಿ ಹೇಗೋ ಸುತ್ತು ಮುಗಿಸಿದ. ನನ್ನ ಸರದಿ ಬಂದಾಗ ಎರಡು ಸುತ್ತು ಹಿಂದಿದ್ದೆವು. ನಾನು ಗುಂಡಿಯನ್ನು ಪೂರ್ತಿ ಅದುಮಿದೆ. ಹಿಂದಿನ ಚಕ್ರ ಎಣ್ಣೆಯ ಮೇಲೆ ಇಟ್ಟ ಹಾಗೆ ಪಕ್ಕಕ್ಕೆ ಹೋಗಿ, ಕಾರು ಹಾರಿ, ಕಿಟಕಿಯ ಸರಳಿಗೆ ಬಡಿದು ಎರಡು ಹೋಳಾಯಿತು. ಚನ್ನಗಿರಿಯವನು ನಕ್ಕ. ಆ ನಗುವಿನೊಳಗೆ ನನಗೆ ಒಂದೇ ಒಂದು ಮಾತು ಕೇಳಿಸಿತು, ನಿನ್ನ ತಮ್ಮ ಎಣ್ಣೆ ಹಚ್ಚಿದ್ದಾನೆ. ತನ್ನ ಮಾತು ನಡೆಯಲಿಲ್ಲ ಅಂತ ಹೊಟ್ಟೆಕಿಚ್ಚಿಗೆ ಹಚ್ಚಿದ್ದಾನೆ.

ತಮ್ಮ ಕಾರಿನ ಚೂರು ಆರಿಸಲು ಬಗ್ಗಿದ್ದ. ಎದ್ದು ನನ್ನ ಕಡೆ ತಿರುಗಿದ ಕೂಡಲೇ ಬಲಗೈ ಬೀಸಿ ಹೊಡೆದೆ. ಸುತ್ತಿಗೆ ಬೀಸುವ ಕೈ ಅದು. ಅವನು ಮೇಜಿಗೆ ಬಿದ್ದ, ಮೇಜು ಸರಿಯಿತು, ಅವನು ನೆಲಕ್ಕೆ ಬಿದ್ದ. ನನ್ನ ಕೈ ಅಷ್ಟಕ್ಕೆ ನಿಲ್ಲಲಿಲ್ಲ. ಕೊರಳಪಟ್ಟಿ ಹಿಡಿದು ಎತ್ತಿ ಇನ್ನೊಂದು ಕೊಟ್ಟೆ, ಅದೇ ಕಡೆಗೆ. ಬಡಗಿ ನನ್ನನ್ನು ಹಿಂದಿನಿಂದ ತಬ್ಬಿ ಎಳೆದ, ಅವನ ಮೂಗಿಗೂ ನನ್ನ ಮೊಣಕೈ ತಾಗಿ ರಕ್ತ ಬಂತು. ತಮ್ಮ ಎಡಗಿವಿಯ ಮೇಲೆ ಅಂಗೈ ಇಟ್ಟುಕೊಂಡು ನನ್ನನ್ನೇ ನೋಡುತ್ತಾ ಕೂತಿದ್ದ. ಒಂದು ಮಾತು ಆಡಲಿಲ್ಲ. ಅವನು ಏನಾದರೂ ಬೈದಿದ್ದರೆ ಮೂರನೆಯದೂ ಬೀಳುತ್ತಿತ್ತು.

ಬೆಳಿಗ್ಗೆ ಅವನ ದಿಂಬಿನ ಮೇಲೆ ರಕ್ತ ಮತ್ತು ನೀರು. ಶಿವಮೊಗ್ಗದಲ್ಲಿ ಡಾಕ್ಟರು ಕಿವಿಯ ತಮಟೆ ಹರಿದಿದೆ, ಒಳಗೂ ಪೆಟ್ಟಾಗಿದೆ, ಕೇಳಿಸುವುದು ಕಷ್ಟ ಅಂದರು. ಹೇಗಾಯಿತು ಅಂತ ಕೇಳಿದಾಗ ತಮ್ಮ ನನ್ನ ಮುಂದೆಯೇ, ರಿಮ್ಮಿನ ರಿಂಗು ಸಿಡಿಯಿತು ಅಂದ.

ಮೂರನೇ ದಿನ, ಇನ್ನೂ ಇಳಿಯದ ಸಿಟ್ಟಿನಲ್ಲಿ, ಆ ಟೈರುಗಳನ್ನು ಕಿತ್ತು ಬೆಂಕಿಗೆ ಹಾಕಬೇಕು ಅಂತ, ಹೊನ್ನಾಳಿಯಿಂದ ತಂದಿಟ್ಟಿದ್ದ ಮುರಿದ ಕಾರನ್ನು ಕೈಗೆ ತಗೊಂಡೆ. ಟೈರಿನ ಪಕ್ಕೆಯಲ್ಲಿ ಬಿಳಿಯ ಹೆಬ್ಬೆಟ್ಟಿನ ಗುರುತು ಇತ್ತು, ಗೆರೆಗಳೆಲ್ಲ ಸ್ಪಷ್ಟವಾಗಿ. ಟೇಪಿನ ಮೇಲೆ ಉರುಳಿಸಿದೆ, ಟೇಪು ಬೆಳ್ಳಗಾಯಿತು. ಟ್ಯೂಬಿನ ಪೌಡರ್. ಅಲ್ಲಿ ಎಣ್ಣೆಯೂ ಇರಲಿಲ್ಲ, ಹೊಟ್ಟೆಕಿಚ್ಚೂ ಇರಲಿಲ್ಲ. ನಾನು ಟೇಪನ್ನು ಉಂಡೆ ಮಾಡಿ ಚರಂಡಿಗೆ ಎಸೆದೆ, ಟೈರನ್ನು ತೊಳೆದಿಟ್ಟೆ, ಯಾರಿಗೂ ಹೇಳಲಿಲ್ಲ. ನಾಚಿಕೆಯಾಯಿತು ಅಂದರೆ ಸುಳ್ಳಾಗುತ್ತದೆ. ನನಗೆ ಹೆದರಿಕೆಯಾಯಿತು.

ಆಮೇಲೂ ಅವನು ಪಟ್ಟಿ ಹಿಡಿಯುತ್ತಿದ್ದ. ಆದರೆ ನಾನು ಸುತ್ತಿಗೆ ಎತ್ತಿದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹದಿನೈದು ದಿನ ಅದನ್ನು ನೋಡಿದೆ. ಒಂದು ದಿನ ನೋಡಲಾರದೆ ಸುತ್ತಿಗೆಯನ್ನು ರಸ್ತೆಗೆ ಎಸೆದು ಅವನಿಗೇ ಬೈದೆ. ಆ ವಾರವೇ ಅವನು ಹೆಂಡತಿಯ ಊರಿಗೆ, ಜಗಳೂರಿನ ಕಡೆಗೆ, ಹೊರಟುಹೋದ. ಅಲ್ಲಿ ರಸ್ತೆ ಬದಿಗೆ ತನ್ನದೇ ಪಂಕ್ಚರ್ ಅಂಗಡಿ ಹಾಕಿದ ಅಂತ ಕೇಳಿದೆ. ವರ್ಷವಾದರೂ ಫೋನಿಲ್ಲ. ಒಡಹುಟ್ಟಿದವನು ಒಬ್ಬನೇ ಇದ್ದ, ಅವನನ್ನೂ ಕಳಕೊಂಡೆನಲ್ಲ ಅನ್ನುವುದು ಊಟ ಮಾಡುವಾಗ, ಗಾಳಿ ತುಂಬುವಾಗ, ಸುಮ್ಮನೆ ಎದೆಗೆ ಬಂದು ಒದೆಯುತ್ತಿತ್ತು.

ಕೊನೆಗೆ ಬಡಗಿಯೇ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಅಲ್ಲಿಗೆ ಹೋದ. ತಮ್ಮ ಅಲ್ಲೂ ಒಂದು ಟ್ರ್ಯಾಕ್ ಮಾಡಿದ್ದ, ಹಲಗೆ ಕೊರೆದುಕೊಟ್ಟವನು ಇದೇ ಬಡಗಿಯಂತೆ. ಜಗಳೂರಿನ ಗಾಳಿಗೆ ಬಾಗಿಲು ಹಾಕಿದರೂ ಮೇಜಿನ ಮೇಲೆ ಧೂಳು ಕೂರುತ್ತದೆ. ಸಿಲಿಕಾನು ಇಲ್ಲಿ ನಡೆಯುವುದಿಲ್ಲ ಅಂತ ಅವನು ಸ್ಪಂಜಿನ ಟೈರು ಹಾಕಿದ್ದ. ಆಡಿದೆವು, ನಾನು ಸೋತೆ. ಬಡಗಿ ಟೀ ತರುತ್ತೇನೆ ಅಂತ ಬೇಕೆಂದೇ ಹೊರಗೆ ಹೋದ.

ತಮ್ಮ ಸ್ಟೂಲಿನ ಮೇಲೆ ಕೂತು ಉಪ್ಪುಕಾಗದದ ಮೇಲೆ ಟೈರು ಉಜ್ಜುತ್ತಿದ್ದ. ನಾನು ಅವನ ಎಡಕ್ಕೆ ಹೋಗಿ ಕೂತೆ. ಯಾವ ಕಡೆ ಕೂರುತ್ತಿದ್ದೇನೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಪೌಡರಿನ ವಿಷಯ, ಹೆಬ್ಬೆಟ್ಟಿನ ವಿಷಯ, ಟೇಪು ಎಸೆದ ವಿಷಯ, ಎಲ್ಲ ಹೇಳಿದೆ. ತಪ್ಪಾಯಿತು ಅಂತಲೂ ಅಂದೆ. ಅವನು ಉಜ್ಜುತ್ತಲೇ ಇದ್ದ. ಇಷ್ಟು ಹೇಳಿದರೂ ತಿರುಗಿ ನೋಡುವುದಿಲ್ಲವಲ್ಲ ಅಂತ, ದೇವರಾಣೆ, ನನ್ನ ಮುಷ್ಟಿ ಬಿಗಿಯಿತು.

ಆಗ ಅವನು ಟೈರಿನಿಂದ ಕಣ್ಣೆತ್ತದೆ ಅಂದ, "ಈ ಕಡೆ ಬಂದು ಹೇಳು. ಆ ಕಡೆ ಏನೂ ಕೇಳಾಕಿಲ್ಲ."

ಎದ್ದು ಸ್ಟೂಲು ಸುತ್ತಿ ಬಲಗಡೆ ಹೋದೆ. ನಾಲ್ಕು ಹೆಜ್ಜೆ ಅಷ್ಟೆ. ಎಲ್ಲವನ್ನೂ ಇನ್ನೊಮ್ಮೆ, ಮೊದಲಿನಿಂದ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಪೌಡರ್ ನಂಗೆ ಅವತ್ತೇ ಕಾಣ್ತು," ಅಂದ. "ಗಾಡಿ ಚೂರು ಆರಿಸುವಾಗಲೇ."

"ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಮತ್ತೆ?" ಅಂದೆ. ನನಗೆ ಗೊತ್ತಿಲ್ಲದೆ ದನಿ ಏರಿತ್ತು. ಅವನು ಕೂತಿದ್ದ ಸ್ಟೂಲನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡ.

"ಹೇಳಿದ್ರೆ ಈ ಕಿವಿನೂ ಹೋಗ್ತಿತ್ತಲ್ಲ, ಅಣ್ಣ," ಅಂದ.